ನಮ್ಮ ಸೀಮೆಯ ಅಂಚಿನಲ್ಲಿ ಹಾದ ನೆರಳು

ಊರಿನ ಇತಿಹಾಸವೆಂದರೆ ಅಲ್ಲಿ ಆಳಿದವರು, ಕಟ್ಟಿಸಿದ ಕೋಟೆ, ತೋಡಿಸಿದ ಕೆರೆ ಎಂದೇ ನಾವು ತರಗತಿಗಳಲ್ಲಿ ಹೇಳಿಕೊಂಡು ಬಂದಿದ್ದೇವೆ. ಊರಿನ ಮೇಲಿರುವ ಆಕಾಶಕ್ಕೂ ಒಂದು ಇತಿಹಾಸ ಉಂಟು. ಅದನ್ನು ಯಾರು ತಲೆಯೆತ್ತಿ ನೋಡಿದರು, ಯಾರು ಬಾಗಿಲು ಹಾಕಿಕೊಂಡು ಕುಳಿತರು, ಯಾರು ಅದರ ಚಿತ್ರ ತೆಗೆದು ಹಡಗಿನಲ್ಲಿ ಕೊಂಡೊಯ್ದರು ಎಂಬುದೆಲ್ಲ ಆ ಇತಿಹಾಸಕ್ಕೆ ಸೇರಿದ್ದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಗವಾದ ಕಡೆಗೆಲ್ಲ ಪೆಟ್ಟಿಗೆ ಹೊತ್ತು, ಗಣಿತ ವಿಜ್ಞಾನಗಳ ಪಾಠ ಹೇಳಿ ನಿವೃತ್ತನಾದವನು ನಾನು. (ಸರಗೂರು, ಸಾಲಿಗ್ರಾಮಗಳು ಈಗ ಬೇರೆ ತಾಲ್ಲೂಕುಗಳು; ನನ್ನ ಕಾಲದ ಲೆಕ್ಕದಲ್ಲಿ ನಾಲ್ಕೇ.) ನನ್ನ ಬಳಿ ಕಲಿತವರಲ್ಲಿ ಕೆಲವರು ಇಂದು ನನಗಿಂತ ಎಷ್ಟೋ ಉತ್ತಮವಾದ ದೂರದರ್ಶಕಗಳನ್ನು ಇಟ್ಟುಕೊಂಡಿದ್ದಾರೆ, ನೀಹಾರಿಕೆಗಳ ಚಿತ್ರ ತೆಗೆಯುತ್ತಾರೆ. "ನಮ್ಮ ಕಡೆ ಈ ಹವ್ಯಾಸ ಶುರುವಾದದ್ದು ಯಾವಾಗ ಸಾರ್?" ಎಂದು ಅವರು ಆಗಾಗ ಕೇಳುವುದುಂಟು. ಒಂದು ಸಾಲಿನಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲ.

ನಮ್ಮ ಪೂರ್ವಜರು ಆಕಾಶವನ್ನು ಅರಿಯದವರೇನಲ್ಲ. ಬಿ.ಎಲ್. ರೈಸರು 1898ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ನಾಲ್ಕನೆಯ ಸಂಪುಟದಲ್ಲಿ ಹುಣಸೂರು, ಹೆಗ್ಗಡದೇವನಕೋಟೆ, ಎಡತೊರೆ ತಾಲ್ಲೂಕುಗಳ ಶಾಸನಗಳಿವೆ. ಎಡತೊರೆಯೆಂದರೆ ಇಂದಿನ ಕೃಷ್ಣರಾಜನಗರದ ಮೂಲ ಊರು. ಅಲ್ಲಿ ಕಾವೇರಿಯ ದಡದಲ್ಲಿ ನೆಲೆಸಿರುವ ದೇವರ ಹೆಸರೇ ಅರ್ಕೇಶ್ವರ, ಎಂದರೆ ಸೂರ್ಯನ ಹೆಸರು ಹೊತ್ತ ಈಶ್ವರ. ಕನ್ನಡ ನಾಡಿನ ದಾನಶಾಸನಗಳಲ್ಲಿ ಸೂರ್ಯಗ್ರಹಣ, ಚಂದ್ರಗ್ರಹಣ, ಸಂಕ್ರಾಂತಿಗಳಂದು ಭೂಮಿ ಬಿಟ್ಟುಕೊಟ್ಟ ಉಲ್ಲೇಖಗಳು ಹೇರಳವಾಗಿವೆ. ದಾನ ಶಾಶ್ವತವೆನ್ನಲು 'ಆಚಂದ್ರಾರ್ಕ' ಎಂದು ಬರೆಸಿ, ಕಲ್ಲಿನ ನೆತ್ತಿಯಲ್ಲಿ ಚಂದ್ರ ಸೂರ್ಯರನ್ನು ಕೆತ್ತಿಸುತ್ತಿದ್ದರು. ಹೊಲದ ಬದುವಿನಲ್ಲಿ ಒರಗಿದ ಅಂಥ ಕಲ್ಲನ್ನು ನಿಮ್ಮಲ್ಲಿ ಅನೇಕರು ಚಿಕ್ಕಂದಿನಲ್ಲಿ ಹತ್ತಿ ಕುಳಿತಿರುತ್ತೀರಿ. ಬೆಂಗಳೂರಿನ ನೆಹರೂ ತಾರಾಲಯದ ನಿರ್ದೇಶಕಿಯಾಗಿದ್ದ ಡಾ. ಬಿ.ಎಸ್. ಶೈಲಜಾ ಅವರು ಗೀತಾ ಕೈದಾಳ ಅವರೊಡನೆ ಶಾಸನಗಳಲ್ಲಿನ ಇಂಥ ಆಕಾಶ ವಾರ್ತೆಗಳನ್ನೆಲ್ಲ ಕಲೆಹಾಕಿ 2016ರಲ್ಲಿ ಗ್ರಂಥವನ್ನೇ ಹೊರತಂದರು. ಗ್ರಹಣದ ದಿನವನ್ನು ಇಂದು ಗಣಿತದಿಂದ ಹಿಂದಕ್ಕೆ ಎಣಿಸಿ ನೋಡಬಹುದಾದ್ದರಿಂದ ಕಲ್ಲಿನ ಮೇಲಿನ ತೇದಿಯನ್ನು ಒರೆಹಚ್ಚಲು ಇದೊಂದು ಗಟ್ಟಿ ಸಾಧನ.

ಆದರೆ ಒಂದು ಮಾತು. ಶಾಸನ ಬರೆಸಿದವರಿಗೆ ಗ್ರಹಣವು ಸ್ನಾನ ಮಾಡುವ, ದಾನ ಕೊಡುವ ಪರ್ವಕಾಲ. ಅದು ಯಾವಾಗ ಎಂದು ಎಣಿಸುವುದು ಪಂಚಾಂಗದವರ ಕೆಲಸ. ಸಾಮಾನ್ಯನು ಅದನ್ನು ಸುಮ್ಮನೆ ಸಂತೋಷಕ್ಕಾಗಿ, ಇನ್ನೊಬ್ಬರನ್ನೂ ಕರೆದು ನೋಡುವುದಿದೆಯಲ್ಲ, ಅದು ಬಹಳ ತಡವಾಗಿ ಬಂದ ಸಂಗತಿ. ಹವ್ಯಾಸವೆಂದರೆ ಅದು.

ಇನ್ನು 1871ಕ್ಕೆ ಬರೋಣ. ಆ ವರ್ಷದ ಡಿಸೆಂಬರ್ 12ರ ಬೆಳಿಗ್ಗೆ, ಸೂರ್ಯನು ಇನ್ನೂ ಮೇಲೇರುತ್ತಿದ್ದಾಗ, ಚಂದ್ರನ ನೆರಳು ಅರಬ್ಬೀ ಸಮುದ್ರದಿಂದ ಬಂದು ಕಾಸರಗೋಡು ಸೀಮೆಯ ಬೇಕಲದ ಬಳಿ ನೆಲ ಮುಟ್ಟಿತು. ಅಲ್ಲಿಂದ ವಯನಾಡಿನ ಮಾನಂದವಾಡಿ, ನೀಲಗಿರಿಯ ಉದಕಮಂಡಲ, ತಮಿಳು ಸೀಮೆಯ ಪುದುಕ್ಕೋಟೆಗಳ ಮೇಲೆ ಸಾಗಿ ಸಿಂಹಳದತ್ತ ದಾಟಿತು. ಬೇಕಲದ ಕೋಟೆ ನಮ್ಮ ಕೆಳದಿಯ ನಾಯಕರು ಕಟ್ಟಿಸಿದ್ದು; ಆಗ ಅದು ಮದರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಂಗ್ಲೆಂಡಿನ ನಾರ್ಮನ್ ಲಾಕಯರ್ ತನ್ನ ತಂಡದೊಡನೆ ಬಂದು ಬೀಡುಬಿಟ್ಟದ್ದು ಅದೇ ಕೋಟೆಯಲ್ಲಿ. ತಂಡದ ಇನ್ನೊಂದು ಭಾಗ ಮಾನಂದವಾಡಿಯಲ್ಲಿ ಕಾದಿತ್ತು. ಫ್ರಾನ್ಸಿನ ಜಾನ್ಸೆನ್ ನೀಲಗಿರಿಯ ಶೋಲೂರಿನಲ್ಲಿದ್ದ. ದೊಡ್ಡಬೆಟ್ಟದ ಮೇಲೆ ಕರ್ನಲ್ ಟೆನ್ನಂಟನ ತಂಡವಿತ್ತು.

ಭೂಪಟ ತೆಗೆದು ನೋಡಿ. ಮಾನಂದವಾಡಿಯಿಂದ ಬಾವಲಿ ದಾಟಿದರೆ ನಮ್ಮ ಹೆಗ್ಗಡದೇವನಕೋಟೆ ತಾಲ್ಲೂಕಿನ ಡಿ.ಬಿ. ಕುಪ್ಪೆ. ಲೋಕದ ಪ್ರಸಿದ್ಧ ವಿಜ್ಞಾನಿಗಳು ಸಾವಿರಾರು ಮೈಲಿ ಹಡಗಿನಲ್ಲಿ ಬಂದು ಎದುರು ನೋಡಿದ ಆ ಕತ್ತಲು ಕಬಿನಿಯ ಕಾಡಿನೊಳಗಿನ ಹಾಡಿಗಳ ಮೇಲೂ ಹಾದುಹೋಗಿದೆ. ಅಲ್ಲಿಯ ಜನ ಏನು ಕಂಡರು, ಮಕ್ಕಳಿಗೆ ಏನು ಹೇಳಿದರು ಎಂಬುದನ್ನು ಯಾರೂ ಬರೆದಿಡಲಿಲ್ಲ. ನಮ್ಮ ಜನ ಆ ವೃತ್ತಾಂತದಲ್ಲಿ ಕಾಣಿಸಿಕೊಳ್ಳುವುದು ಒಂದೇ ಕಡೆ: ಬೇಕಲದಲ್ಲಿ ಗ್ರಹಣದ ಹೊತ್ತಿಗೆ ಬೆಂಕಿ ಹಾಕಿದವರಾಗಿ. ಹೊಗೆಯಿಂದ ವೀಕ್ಷಣೆ ಕೆಡುವುದೆಂದು ಪೊಲೀಸರು ಆ ಬೆಂಕಿಯನ್ನು ಆರಿಸಿದರು. ಎರಡೂ ಕಡೆಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಎರಡು ನಿಮಿಷದ ಆ ಕತ್ತಲಲ್ಲಿ ನೋಡುವವರು ಯಾರು, ಪಕ್ಕಕ್ಕೆ ಸರಿಯಬೇಕಾದವರು ಯಾರು ಎಂಬುದು ಅಷ್ಟರಲ್ಲೇ ತೀರ್ಮಾನವಾಗಿತ್ತು ಎನ್ನುವುದೂ ಮನಸ್ಸಿಗೆ ನಾಟುತ್ತದೆ.

ಫೋಟೋ ತೆಗೆಯುವ ಹುಚ್ಚಿರುವ ನನ್ನ ಶಿಷ್ಯರಿಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಆ ಕಾಲದ ಛಾಯಾಗ್ರಹಣ ಇಂದಿನ ಸಲೀಸಿನ ಕೆಲಸವಲ್ಲ. ಗಾಜಿನ ತಟ್ಟೆಗೆ ಕಲೋಡಿಯನ್ ಎಂಬ ಅಂಟುದ್ರವ ಸವರಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮೆರಾಕ್ಕೆ ಸೇರಿಸಿ, ಒದ್ದೆಯಿರುವಾಗಲೇ ಕತ್ತಲ ಡೇರೆಗೆ ಓಡಿ ತೊಳೆಯಬೇಕು. ಒಣಗಿತೋ, ಕೆಟ್ಟಿತು. ಹೀಗಿರುವಾಗ ಬೇಕಲದಲ್ಲಿ ಲಾರ್ಡ್ ಲಿಂಡ್ಸೆಯ ಛಾಯಾಗ್ರಾಹಕ ಡೇವಿಸ್, ದೊಡ್ಡಬೆಟ್ಟದಲ್ಲಿ ಕ್ಯಾಪ್ಟನ್ ವಾಟರ್‌ಹೌಸ್ ಆ ಅಲ್ಪಾವಧಿಯಲ್ಲಿ ಹಲವು ತಟ್ಟೆಗಳನ್ನು ತೆಗೆದರು. ಅದರಿಂದಾದ ಪ್ರಯೋಜನ ಸಣ್ಣದಲ್ಲ. ಗ್ರಹಣಕಾಲದಲ್ಲಿ ಸೂರ್ಯನ ಸುತ್ತ ಕಾಣುವ ಬೆಳ್ಳನೆಯ ಪ್ರಭಾವಳಿ ನಿಜವಾಗಿ ಸೂರ್ಯನದೋ, ಅಥವಾ ನಮ್ಮ ವಾಯುಮಂಡಲದಲ್ಲಿ ಉಂಟಾಗುವ ಭ್ರಮೆಯೋ ಎಂಬ ಸಂಶಯ ಆಗಿನ್ನೂ ಉಳಿದಿತ್ತು. ಕಡಲತೀರದ ಬೇಕಲದಲ್ಲೂ ಎತ್ತರದ ದೊಡ್ಡಬೆಟ್ಟದಲ್ಲೂ ತೆಗೆದ ಚಿತ್ರಗಳಲ್ಲಿ ಪ್ರಭಾವಳಿಯ ಆಕಾರ ಒಂದೇ ಬಗೆಯಾಗಿತ್ತು. ಎರಡು ಊರಿನ ಗಾಳಿ ಬೇರೆ ಬೇರೆ. ಆಕಾರ ಒಂದೇ ಆದರೆ ಅದು ಸೂರ್ಯನದೇ ಆಗಿರಬೇಕು.

ಇದಕ್ಕೆ ಮೂರು ವರ್ಷ ಹಿಂದೆ, 1868ರ ಆಗಸ್ಟ್ 18ರಂದು, ಇನ್ನೊಂದು ಪೂರ್ಣ ಗ್ರಹಣ ಉತ್ತರ ಕರ್ನಾಟಕವನ್ನು ಹಾದು ಗುಂಟೂರಿನ ಕಡೆಗೆ ಹೋಗಿತ್ತು. ಆಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಬೀಡುಬಿಟ್ಟದ್ದು ಜಮಖಂಡಿಯಲ್ಲಿ. ಹೀಲಿಯಮ್ ಎಂಬ ಧಾತುವಿನ ಕಥೆ ಮೊದಲಾಗುವುದು ಆ ವರ್ಷದ ಸೌರ ವೀಕ್ಷಣೆಗಳಿಂದಲೇ. ಭೂಮಿಯ ಮೇಲೆ ಅದು ಸಿಕ್ಕಿದ್ದು 1895ರಲ್ಲಿ.

ಪರದೇಶದವರ ಹೆಸರುಗಳ ನಡುವೆ ನಮ್ಮವರ ಹೆಸರೊಂದನ್ನು ನಾನು ಎಂದೂ ಬಿಟ್ಟುಕೊಡುವುದಿಲ್ಲ: ಚಿಂತಾಮಣಿ ರಘುನಾಥಾಚಾರಿ. ಮದರಾಸಿನ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಇವರು 1867ರಲ್ಲಿ ಬೆಳಕು ಏರಿಳಿಯುವ ನಕ್ಷತ್ರವೊಂದನ್ನು ಕಂಡುಹಿಡಿದವರು. 1874ರ ಡಿಸೆಂಬರ್ 9ರಂದು ಶುಕ್ರನು ಸೂರ್ಯಬಿಂಬದ ಮೇಲೆ ಹಾದುಹೋಗಲಿದ್ದಾಗ, ಅದೇನು, ಅದನ್ನು ನೋಡುವುದು ಹೇಗೆ ಎಂದು ಜನಸಾಮಾನ್ಯರಿಗೆ ತಿಳಿಸಲು ಅವರೊಂದು ಪುಸ್ತಿಕೆ ಬರೆದರು. ಅದು ಇಂಗ್ಲಿಷಿನ ಜೊತೆಗೆ ಕನ್ನಡದಲ್ಲೂ ಹೊರಬಂದಿತು. ಕನ್ನಡ ಓದಬಲ್ಲವನೂ ಆಕಾಶ ನೋಡಲು ಯೋಗ್ಯ ಎಂದು ಒಬ್ಬರು ಅಷ್ಟು ಹಿಂದೆಯೇ ಭಾವಿಸಿದ್ದರು. ನಮ್ಮ ಹವ್ಯಾಸಕ್ಕೆ ಮೂಲಪುರುಷರೊಬ್ಬರು ಬೇಕೆಂದಾದರೆ ನಾನು ಅವರನ್ನೇ ಹೆಸರಿಸುತ್ತೇನೆ.

ಆದರೆ ಪುಸ್ತಿಕೆ ಅಚ್ಚಾದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಹೋಗಿರಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. 1980ರ ಫೆಬ್ರವರಿ 16, ಶನಿವಾರ. ಅಂದಿನ ಪೂರ್ಣ ಗ್ರಹಣದ ಪಟ್ಟಿ ಉತ್ತರ ಕರ್ನಾಟಕದ ಮೇಲೆ ಹಾದಿತ್ತು. ವೇಣು ಬಾಪು ಅವರ ನಿರ್ದೇಶನದಲ್ಲಿದ್ದ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹಾಕಿದ್ದರು. ಹುಣಸೂರಿನಲ್ಲಿ ನಮಗೆ ಕಂಡದ್ದು ಪಾರ್ಶ್ವ ಗ್ರಹಣ, ಆದರೂ ಬಿಂಬದ ಬಹುಭಾಗ ಮುಚ್ಚಿತ್ತು. ಅಂದು ಮಧ್ಯಾಹ್ನದ ಹುಣಸೂರನ್ನು ನೋಡದವರಿಗೆ ವರ್ಣಿಸುವುದು ಕಷ್ಟ. ಹೋಟೆಲುಗಳ ಬಾಗಿಲು ಮುಚ್ಚಿ, ಬಸ್‌ ನಿಲ್ದಾಣದಲ್ಲಿ ನಾಯಿಗಳನ್ನು ಬಿಟ್ಟರೆ ಯಾರೂ ಇಲ್ಲ. ಉಪ್ಪಿನಕಾಯಿ ಜಾಡಿಗಳ ಮೇಲೆ ದರ್ಭೆ. ಬಸುರಿಯರು ಒಳಕೋಣೆಯಲ್ಲಿ. ಕಿಟಕಿಗಳಿಗೆ ಹಳೆಯ ಪಂಚೆ.

ನಾನು ಹಿಂದಿನ ದಿನವೇ ಮಕ್ಕಳನ್ನು ಶಾಲೆಗೆ ಬರಹೇಳಿದ್ದೆ. ಬಂದವರು ಏಳು ಜನ: ಆರು ಹುಡುಗರು, ಒಬ್ಬಳೇ ಹುಡುಗಿ. ಅವಳ ಅಜ್ಜಿ ಹಿಂದೆಯೇ ಬಂದು ಗೇಟಿನ ಬಳಿ ನಿಂತು, "ಮೇಷ್ಟ್ರೇ, ಮೊಮ್ಮಗಳ ಕಣ್ಣು ಹೋದರೆ ನೀವು ಕೊಡ್ತೀರಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಅಂದೂ ಮನಸ್ಸು ಬರಲಿಲ್ಲ, ಇಂದೂ ಬರುವುದಿಲ್ಲ. ಗ್ರಹಣದ ಸೂರ್ಯನನ್ನು ಬರಿಗಣ್ಣಿನಿಂದ ನೋಡಿದರೆ ಕಣ್ಣಿನ ಒಳಪರದೆ ನೋವೇ ತಿಳಿಯದಂತೆ ಸುಟ್ಟುಹೋಗುತ್ತದೆ. ಅಜ್ಜಿಯ ಭಯದಲ್ಲಿ ಅರ್ಧ ಸತ್ಯವಿತ್ತು. ಉಳಿದರ್ಧ, ಎಂದರೆ ಅನ್ನ ವಿಷವಾಗುತ್ತದೆ, ಗರ್ಭಕ್ಕೆ ಕೇಡು ಎಂಬುದೆಲ್ಲ, ಆ ಸತ್ಯದ ಬೆನ್ನ ಮೇಲೆ ಕುಳಿತು ಬಂದದ್ದು. ನಾನು ವಾದಿಸದೆ ಅವರನ್ನು ಶಾಲೆಯ ಹಿಂದಿನ ಮಾವಿನ ಮರದ ನೆರಳಿಗೆ ಕರೆದೊಯ್ದು ನೆಲ ತೋರಿಸಿದೆ. ಎಲೆಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕೆಗಳೆಲ್ಲ ನೂರಾರು ಪುಟ್ಟ ಕುಡುಗೋಲುಗಳಾಗಿದ್ದವು. ಪ್ರತಿಯೊಂದು ಸಂದೂ ಸೂಜಿರಂಧ್ರದ ಕ್ಯಾಮೆರಾದಂತೆ ಕೆಲಸ ಮಾಡಿ ಸೂರ್ಯನ ಬಿಂಬವನ್ನೇ ನೆಲಕ್ಕೆ ಇಳಿಸಿತ್ತು. ನೆಲ ನೋಡಿದರೆ ಯಾರ ಕಣ್ಣೂ ಹೋಗುವುದಿಲ್ಲ. ಅಜ್ಜಿ ಬಹಳ ಹೊತ್ತು ಬಗ್ಗಿ ನೋಡುತ್ತಿದ್ದರು. ಮನೆಗೆ ಹೋಗಿ ಸ್ನಾನವನ್ನೂ ಮಾಡಿದರೆಂದು ಹುಡುಗಿ ಸೋಮವಾರ ವರದಿ ಒಪ್ಪಿಸಿದಳು!

ಆ ಕಾಲದಲ್ಲಿ ನಮ್ಮಂಥ ಮೇಷ್ಟ್ರುಗಳಿಗೆ ಧೈರ್ಯ ಕೊಟ್ಟದ್ದು ಮೈಸೂರಿನಲ್ಲಿದ್ದ ಜಿ.ಟಿ. ನಾರಾಯಣರಾಯರ ಬರಹ. 1926ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜಿಟಿಎನ್ ಗಣಿತದ ಅಧ್ಯಾಪಕರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದಲ್ಲಿ ವಿಜ್ಞಾನ ವಿಭಾಗದ ಸಂಪಾದಕರಾಗಿದ್ದರು. 2008ರಲ್ಲಿ ತೀರಿಕೊಳ್ಳುವವರೆಗೂ ಅವರು ಆಕಾಶದ ವಿಷಯ ಬರೆಯುವುದನ್ನೂ ಜನರನ್ನು ಬಯಲಿಗೆ ಕರೆದೊಯ್ದು ನಕ್ಷತ್ರ ತೋರಿಸುವುದನ್ನೂ ಬಿಡಲಿಲ್ಲ. ಅವರ ಕನ್ನಡ ತುಸು ಬಿಗಿ, ಸಂಸ್ಕೃತದ ಭಾರ ಉಂಟು ಎಂದು ಕೆಲವರು ದೂರುವುದುಂಟು. ನನ್ನ ಮಟ್ಟಿಗೆ ಆ ಬಿಗಿಯೇ ಅದರ ಸೊಗಸು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು, ಅದರ 'ಬಾಲವಿಜ್ಞಾನ' ಪತ್ರಿಕೆ ಹಳ್ಳಿಯ ಶಾಲೆಗಳಿಗೂ ತಲುಪಿದವು. ಬೆಂಗಳೂರಿನಲ್ಲಿ 1970ರ ದಶಕದಲ್ಲೇ ಹವ್ಯಾಸಿಗಳ ಸಂಘವೊಂದು ಇತ್ತು. 1989ರಲ್ಲಿ ನೆಹರೂ ತಾರಾಲಯ ತೆರೆಯಿತು. ಪ್ರವಾಸಕ್ಕೆ ವಿಧಾನಸೌಧ, ಲಾಲ್‌ಬಾಗ್ ಎಂದು ಹೊರಡುತ್ತಿದ್ದ ನಮ್ಮ ಶಾಲೆಯ ಬಸ್ಸುಗಳು ಆಮೇಲೆ ತಾರಾಲಯದ ಮುಂದೆಯೂ ನಿಲ್ಲತೊಡಗಿದವು.

ನಮ್ಮ ದೂರದರ್ಶಕದ ವಿಷಯ ಹೇಳದೆ ಮುಂದೆ ಹೋದರೆ ಹಳೆಯ ಹುಡುಗರು ಸುಮ್ಮನಿರಲಾರರು. ಕನ್ನಡಕದ ಅಂಗಡಿಯಲ್ಲಿ ಸಿಗುವ ಪ್ಲಸ್ ಒಂದು ಪವರಿನ ಮಸೂರ. ಅದರ ಸಂಗಮದೂರ ಸರಿಯಾಗಿ 100 ಸೆಂಟಿಮೀಟರ್. ಕಣ್ಣಿನ ಕಡೆಗೆ ಗಡಿಯಾರ ರಿಪೇರಿಯವರು ಬಳಸುವಂಥ 5 ಸೆಂಟಿಮೀಟರಿನ ಮಸೂರ. ನೂರನ್ನು ಐದರಿಂದ ಭಾಗಿಸಿದರೆ ಇಪ್ಪತ್ತು. ಎಂದರೆ ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ನೀರಿನ ಪೈಪಿನೊಳಗೆ ಕಪ್ಪು ಕಾಗದ ಸುತ್ತಿ ಇವೆರಡನ್ನೂ ಎರಡು ತುದಿಗೆ ಕೂರಿಸಿದೆವು. ಬಿಂಬದ ಅಂಚಿಗೆ ನೇರಳೆ ಬಣ್ಣ ಬರುತ್ತಿತ್ತು, ನಿಜ. ಆದರೆ ಚಂದ್ರನ ಕುಳಿಗಳು, ಗುರುವಿನ ನಾಲ್ಕು ಉಪಗ್ರಹಗಳು ಸ್ಪಷ್ಟ. ಗೆಲಿಲಿಯೊ ಕಂಡದ್ದೂ ಸರಿಸುಮಾರು ಇಷ್ಟೇ ಶಕ್ತಿಯ ಕೊಳವೆಯಿಂದ. ಇದನ್ನು ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನ ಟಾಪಿಗೆ ಹಾಕಿಸಿ, ಬೆಟ್ಟದಪುರ, ಚುಂಚನಕಟ್ಟೆ, ಅಂತರಸಂತೆ ಎಂದು ಗೆಳೆಯ ಮೇಷ್ಟ್ರುಗಳಿದ್ದ ಶಾಲೆಗಳಿಗೆಲ್ಲ ಕೊಂಡೊಯ್ದಿದ್ದೇವೆ. ಬೆಟ್ಟದಪುರದ ಬೆಟ್ಟದ ಮೇಲಿನ ದೇವರು ಸಿಡಿಲು ಮಲ್ಲಿಕಾರ್ಜುನ. ಆಕಾಶದಿಂದ ಸಿಡಿಲು ಬಂದು ಪೂಜಿಸುತ್ತದೆ ಎಂದು ನಂಬುವ ಊರಿಗೆ ಆಕಾಶ ನೋಡಲು ಹೋಗುವುದೇ ಒಂದು ಸೊಗಸು.

ಮಕ್ಕಳಿಗಿಂತ ಬೇಗ ಪಾಠ ಹಿಡಿದವರು ರೈತರು. ನಮ್ಮ ಕಡೆ ಮಳೆಗೆ ನಕ್ಷತ್ರದ ಹೆಸರು: ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ. "ಆರಿದ್ರ ಮಳೆಯಲ್ಲಿ ಆರಿದ್ರ ನಕ್ಷತ್ರ ತೋರಿಸಿ ನೋಡೋಣ" ಎಂದರೆ ಯಾರಿಗೂ ಸಾಧ್ಯವಿಲ್ಲ, ಏಕೆಂದರೆ ಸೂರ್ಯನು ಆ ನಕ್ಷತ್ರದ ಬಳಿ ಬಂದಾಗ, ಎಂದರೆ ಜೂನ್ ಮೂರನೆಯ ವಾರದ ನಂತರ, ಆ ಮಳೆ ಹುಟ್ಟುತ್ತದೆ. ಅಂದು ಆ ನಕ್ಷತ್ರ ಹಗಲಿನಲ್ಲಿ ಸೂರ್ಯನ ಜೊತೆಗೇ ಮೂಡಿ ಮುಳುಗುತ್ತದೆ. ಅದನ್ನು ನೋಡಬೇಕಾದರೆ ಡಿಸೆಂಬರಿನ ಚಳಿಯಲ್ಲಿ ಹೊರಗೆ ಬರಬೇಕು. ಇದನ್ನು ಕೇಳಿದ ಪಿರಿಯಾಪಟ್ಟಣದ ಕಡೆಯ ಹಿರಿಯ ರೈತರೊಬ್ಬರು, "ಹೆಸರು ಹೇಳ್ಕಂಡು ಅರವತ್ತು ವರ್ಷ ಉತ್ತಿವ್ನಿ, ಮುಖ ನೋಡಿದ್ದು ಇವತ್ತು" ಎಂದರು.

ಹಾಗೆಂದು ಅವರಿಗೆ ರಾತ್ರಿ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣ ಸೀಮೆಯ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಸೊಪ್ಪು ಹದವಾಗಲು ರಾತ್ರಿಯೆಲ್ಲ ಬೆಂಕಿ ಕಾಯಬೇಕು. ನಿದ್ದೆಗೆಟ್ಟ ಆ ಮಂದಿ ನಮ್ಮ ಯಾವ ಹವ್ಯಾಸಿಗಿಂತಲೂ ಹೆಚ್ಚು ಆಕಾಶ ನೋಡಿದವರು. 1998ರ ನವೆಂಬರ್ 17ರ ನಸುಕಿನಲ್ಲಿ ಸಿಂಹ ರಾಶಿಯ ಕಡೆಯಿಂದ ಉರಿಯುವ ಉಲ್ಕೆಗಳು ಬಿದ್ದವಲ್ಲ, ಅದರ ಸುದ್ದಿ ನನಗೆ ಬಂದದ್ದು ಬ್ಯಾರನ್ನಿನವರಿಂದಲೇ.

1986ರ ಹ್ಯಾಲಿ ಧೂಮಕೇತು ನಮ್ಮನ್ನು ನಿರಾಸೆಗೊಳಿಸಿತು. ಏಪ್ರಿಲ್ ಎರಡನೆಯ ವಾರದಲ್ಲಿ ದಕ್ಷಿಣದಲ್ಲಿ ಕೆಳಗೆ ಮಬ್ಬಾದ ಹತ್ತಿಯ ಉಂಡೆಯಂತೆ ಕಂಡಿತು, ಅಷ್ಟೆ. 76 ವರ್ಷಕ್ಕೊಮ್ಮೆ ಬರುವ ನೆಂಟ ಮುಖವನ್ನೂ ಸರಿಯಾಗಿ ತೋರಿಸದೆ ಹೋದ. ಅದಕ್ಕೆ ಪ್ರಾಯಶ್ಚಿತ್ತವೆಂಬಂತೆ 1997ರ ಮಾರ್ಚ್–ಏಪ್ರಿಲ್‌ನಲ್ಲಿ ಹೇಲ್–ಬಾಪ್ ಸಂಜೆಯ ವಾಯವ್ಯ ದಿಕ್ಕಿನಲ್ಲಿ ಬಾಲ ಬಿಚ್ಚಿ ನಿಂತಿತು. ಅದರ ಚಿತ್ರ ತೆಗೆಯಲು ಹೋಗಿಯೇ ನಮ್ಮಲ್ಲಿ ಛಾಯಾಗ್ರಹಣದ ಗೀಳು ಹತ್ತಿದ್ದು. 400 ಎಎಸ್‌ಎ ಫಿಲ್ಮು, ಕ್ಯಾಮೆರಾದಲ್ಲಿ 'ಬಿ' ಗುಂಡಿ, ಕೇಬಲ್ಲು, ಮುಕ್ಕಾಲಿ. ಆಕಾಶ ಗಂಟೆಗೆ 15 ಡಿಗ್ರಿ ತಿರುಗುತ್ತದೆಯಾದ್ದರಿಂದ ಹೆಚ್ಚು ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ, ಕಡಿಮೆಯಾದರೆ ಏನೂ ಮೂಡುವುದಿಲ್ಲ. ಮೊದಲ ರೋಲನ್ನು ತೊಳೆಯಲು ಕೊಟ್ಟ ಸ್ಟುಡಿಯೋದವರು ಒಂದೂ ಪ್ರಿಂಟು ಹಾಕದೆ, "ಎಲ್ಲ ಖಾಲಿ ಬಂದಿದೆ ಸಾರ್" ಎಂದು ನೆಗೆಟಿವ್ ಹಿಂದಿರುಗಿಸಿದರು. ಬೆಳಕಿಗೆ ಹಿಡಿದು ನೋಡಿದರೆ ಧೂಮಕೇತು ಅಲ್ಲೇ ಇತ್ತು! ಅಂದಿನಿಂದ ರೋಲಿನ ಮೊದಲ ಚಿತ್ರವಾಗಿ ಹಗಲಿನಲ್ಲಿ ಶಾಲೆಯ ಗೇಟಿನದೊಂದು ಫೋಟೋ ತೆಗೆಯುವುದು ನಮ್ಮ ನಿಯಮವಾಯಿತು. ಫ್ರೇಮು ಎಲ್ಲಿ ಶುರುವಾಗುತ್ತದೆ ಎಂದು ಕತ್ತರಿಸುವವರಿಗೆ ತಿಳಿಯಲಿ ಎಂದು. ಹೀಗಾಗಿ ನನ್ನ ಬಳಿ ಆ ಗೇಟಿನ ಚಿತ್ರಗಳು ವಿಪರೀತವಾಗಿವೆ.

2004ರ ಜೂನ್ 8ರ ಶುಕ್ರ ಸಂಕ್ರಮವನ್ನು ಮುಂಗಾರಿನ ಮೋಡಗಳ ನಡುವೆ ಸಿಕ್ಕಷ್ಟು ಹೊತ್ತು ಪುಟ್ಟ ಕನ್ನಡಿಯಿಂದ ಗೋಡೆಯ ಮೇಲೆ ಬೀಳಿಸಿ ನೋಡಿದೆವು. ಸಣ್ಣ ರಂಧ್ರವಿರುವ ಕಾಗದವನ್ನು ಕನ್ನಡಿಗೆ ಅಂಟಿಸಿ 20 ಮೀಟರ್ ದೂರದ ಕತ್ತಲ ಗೋಡೆಗೆ ಬಿಸಿಲು ಹಾಯಿಸಿದರೆ ಸೂರ್ಯನ ಬಿಂಬ ಒಂದು ಗೇಣಿನಷ್ಟಾಗುತ್ತದೆ. ಅದರ ಮೇಲೆ ಶುಕ್ರ ಒಂದು ಮೆಣಸಿನ ಕಾಳು. 2012ರ ಜೂನ್ 6ರಂದು ಮತ್ತೊಮ್ಮೆ. ಇನ್ನು 2117ರವರೆಗೆ ಇಲ್ಲ. ರಘುನಾಥಾಚಾರಿಯವರ ಪುಸ್ತಿಕೆಯ ಸುದ್ದಿಯನ್ನು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ನೆಪ ಬೇರೆಯಿರಲಿಲ್ಲ.

ಈಗ 2019ರ ಡಿಸೆಂಬರ್ 26. ಚಂದ್ರನ ನೆರಳು ಮತ್ತೆ ಅರಬ್ಬೀ ಸಮುದ್ರದಿಂದ ಬಂದು ಕಾಸರಗೋಡು ಜಿಲ್ಲೆಯಲ್ಲಿ ನೆಲ ಮುಟ್ಟಿ, ದಕ್ಷಿಣ ಕೊಡಗು, ವಯನಾಡು, ನೀಲಗಿರಿ, ಕೊಯಮತ್ತೂರುಗಳ ಮೇಲೆ ಸಾಗಿತು. 148 ವರ್ಷಗಳ ಹಿಂದಿನ ದಾರಿಯೇ ಎನ್ನಬೇಕು, ತಿಂಗಳೂ ಅದೇ. ಒಂದೇ ಊರಿನಲ್ಲಿ ಪೂರ್ಣ ಸೂರ್ಯಗ್ರಹಣ ಸರಾಸರಿ 375 ವರ್ಷಕ್ಕೊಮ್ಮೆ ಎಂದು ಲೆಕ್ಕ; ಪೂರ್ಣವಲ್ಲದಿದ್ದರೂ ಈ ಕಂಕಣ ಗ್ರಹಣವೂ ಅಪೂರ್ವವೇ. 1871ರಲ್ಲಿ ಚಂದ್ರ ಹತ್ತಿರವಿದ್ದು ಸೂರ್ಯನನ್ನು ಪೂರ್ತಿ ಮುಚ್ಚಿದ್ದ. ಈ ಬಾರಿ ದೂರವಿದ್ದು ಚಿಕ್ಕದಾಗಿ ಕಂಡ. ಡಿಸೆಂಬರಿನ ಕೊನೆಗೆ ಭೂಮಿ ಸೂರ್ಯನಿಗೆ ಹತ್ತಿರವಿರುವುದರಿಂದ ಸೂರ್ಯ ತುಸು ದೊಡ್ಡದು. ಹಾಗಾಗಿ ಸುತ್ತ ಬಳೆಯಂತೆ ಬೆಳಕು ಉಳಿಯಿತು.

ನಾವು ಕೊಡಗಿನ ಕುಟ್ಟಕ್ಕೆ ಹೋದೆವು. ನಾಗರಹೊಳೆಯ ಕಾಡುರಸ್ತೆ ರಾತ್ರಿ ಮುಚ್ಚಿರುತ್ತದಾದ್ದರಿಂದ ಬೆಳಗಿನ ಆರಕ್ಕೆ ವೀರನಹೊಸಹಳ್ಳಿ ಗೇಟು ತೆರೆಯುವುದನ್ನೇ ಕಾದು, ಮಂಜಿನೊಳಗೆ ಸಾಗಿ, ಎಂಟಕ್ಕೆ ಗ್ರಹಣ ಹಿಡಿಯುವ ಹೊತ್ತಿಗೆ ಸ್ಥಳ ಸೇರಿದೆವು. ಹುಣಸೂರಿನ ಏಳು ಮಕ್ಕಳನ್ನು ಆಗಲೇ ಹೇಳಿದೆನಲ್ಲ. ಅವರಲ್ಲಿದ್ದ ಆ ಹುಡುಗಿ ಈಗ ಶಾಲಾ ಶಿಕ್ಷಕಿ, ಐವತ್ತು ದಾಟಿದವಳು. ಹೆಸರು ಬರೆಯಬೇಡಿ ಎಂದಿದ್ದಾಳೆ. ಅವಳು ಒಂದು ಬಸ್ಸು ತುಂಬ ಮಕ್ಕಳನ್ನು ಕರೆತಂದಿದ್ದಳು, ಪ್ರತಿಯೊಬ್ಬರ ಕೈಯಲ್ಲೂ ಸೌರ ಕನ್ನಡಕ, ಕೆಲವರ ತಂದೆತಾಯಿಯರೂ ಜೊತೆಗೆ. ಒಂಬತ್ತೂವರೆಗೆ ತುಸು ಮುನ್ನ ಬಳೆ ಕೂಡಿಕೊಂಡಿತು; ಎರಡು ನಿಮಿಷಕ್ಕೂ ಮಿಕ್ಕಿ ಇತ್ತು. ಬಿಸಿಲು ಇದ್ದೂ ಇಲ್ಲದಂಥ ತಣ್ಣನೆಯ ಬೆಳಕು. ಕಾಫಿ ತೋಟದ ನೆರಳಿನ ಮರಗಳ ಕೆಳಗೆ ನೆಲದ ತುಂಬ ಬಳೆಗಳು. ಮಕ್ಕಳು ಮೇಲೆ ನೋಡುತ್ತಿದ್ದರೆ ಅವಳು ನನ್ನ ತೋಳು ಹಿಡಿದು ಕೆಳಗೆ ತೋರಿಸಿದಳು. ಸುತ್ತ ಯಾರೋ ಕೂಗುತ್ತಿದ್ದರು, ಯಾರೋ ಚಪ್ಪಾಳೆ ತಟ್ಟುತ್ತಿದ್ದರು, ಒಬ್ಬ ಹುಡುಗ ಇಡ್ಲಿ ತಿನ್ನುತ್ತಿದ್ದ. ಗ್ರಹಣದ ಹೊತ್ತಿನಲ್ಲಿ ಇಡ್ಲಿ! ಅವನ ಫೋಟೋವನ್ನು ನಾನು ಬಳೆಯ ಫೋಟೋದ ಪಕ್ಕದಲ್ಲೇ ಇಟ್ಟಿದ್ದೇನೆ.

ಎಲ್ಲರೂ ಬದಲಾದರು ಎಂದು ನಾನು ಹೇಳಲಾರೆ. ಅಂದು ಮೈಸೂರಿನಲ್ಲೂ ಮುಚ್ಚಿದ ಬಾಗಿಲುಗಳು ಸಾಕಷ್ಟಿದ್ದವು. ದೂರದರ್ಶನದ ವಾಹಿನಿಗಳಲ್ಲಿ ಯಾವ ರಾಶಿಗೆ ಯಾವ ಕೇಡು ಎಂದು ಬೆಳಗಿನಿಂದ ಹೇಳುತ್ತಿದ್ದವರಿಗೂ ಕೊರತೆಯಿರಲಿಲ್ಲ. ಬಾಗಿಲು ಹಾಕಿಕೊಂಡವರ ಮೇಲೆ ನನಗೆ ಕೋಪವಿಲ್ಲ, ಹೆದರಿಸಿ ಸಂಪಾದಿಸುವವರ ಮೇಲೆ ಇದೆ.

ಆ ಚಳಿಗಾಲದಲ್ಲೇ ಆರಿದ್ರ ನಕ್ಷತ್ರ ಕಣ್ಣಿಗೆ ಕಾಣುವಷ್ಟು ಮಂಕಾಗುತ್ತ ಬಂದು 2020ರ ಫೆಬ್ರವರಿಯಲ್ಲಿ ತೀರ ಕುಗ್ಗಿತು. ತಾರೆಯಿಂದ ಹೊರಚಿಮ್ಮಿದ ಅನಿಲ ತಣಿದು ಧೂಳಾಗಿ ಮರೆಮಾಡಿತ್ತೆಂದು ಆಮೇಲೆ ತಿಳಿಯಿತು. ನನ್ನ ಶಿಷ್ಯರಿಬ್ಬರು, ಒಬ್ಬ ಬೆಂಗಳೂರಿನಲ್ಲಿ, ಒಬ್ಬ ಸಾಲಿಗ್ರಾಮದ ಬಳಿಯ ತನ್ನ ತೋಟದಲ್ಲಿ, ವಾರಕ್ಕೊಮ್ಮೆ ಅದರ ಚಿತ್ರ ತೆಗೆದು ಪಕ್ಕದ ರೋಹಿಣಿ ತಾರೆಯೊಡನೆ ಹೋಲಿಸಿ ಪಟ್ಟಿ ಮಾಡಿದರು. ಇಂದು ಅವರು ಒಂದೇ ದೃಶ್ಯದ ನೂರು ಸಣ್ಣ ಚಿತ್ರಗಳನ್ನು ತೆಗೆದು, ಗಣಕದಲ್ಲಿ ಒಂದರ ಮೇಲೊಂದು ಜೋಡಿಸಿ, ಸರಾಸರಿ ಮಾಡಿ, ಗದ್ದಲವನ್ನು ಕಳೆದು ಬೆಳಕನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ನೂರು ಸಲ ಅಳೆದು ಸರಾಸರಿ ತೆಗೆದರೆ ದೋಷ ಹತ್ತರಲ್ಲೊಂದಾಗುತ್ತದೆ ಎಂದು ನಾನು ಒಂಬತ್ತನೆಯ ತರಗತಿಯಲ್ಲಿ ಹೇಳುವಾಗ ಇವರಿಬ್ಬರೂ ಹಿಂದಿನ ಬೆಂಚಿನಲ್ಲಿ ಚುಕ್ಕಿ ಆಟ ಆಡುತ್ತಿದ್ದರು!

ಈ ನಡುವೆ ಕತ್ತಲೆಯೇ ದುಬಾರಿಯಾಗಿದೆ. ಹುಣಸೂರು ಪೇಟೆಯಲ್ಲಿ ಮನೆಯ ತಾರಸಿಯಿಂದ ಆಕಾಶಗಂಗೆ ಕಾಣುತ್ತಿದ್ದುದನ್ನು ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಬೀದಿದೀಪದ ಬಿಳಿ ಬೆಳಕು ನೆಲಕ್ಕೆ ಬೀಳುವಷ್ಟೇ ಮೇಲಕ್ಕೂ ಚೆಲ್ಲುತ್ತಿದೆ. ಮೇಲೊಂದು ಮುಚ್ಚಳವಿಟ್ಟರೆ ಕರೆಂಟೂ ಉಳಿಯುತ್ತದೆ, ನಕ್ಷತ್ರವೂ ಉಳಿಯುತ್ತದೆ. ಲಡಾಖಿನ ಹಾನ್ಲೆಯನ್ನು 2022ರಲ್ಲಿ ಕತ್ತಲೆಯ ರಕ್ಷಿತ ಪ್ರದೇಶವೆಂದು ಸಾರಿದರು. ಬೆಂಗಳೂರಿನ ಹವ್ಯಾಸಿಗಳು ಅಲ್ಲಿಗೆ ಸಾವಿರಾರು ರೂಪಾಯಿ ವೆಚ್ಚಮಾಡಿ ಹೋಗುತ್ತಾರೆ, ಹೋಗಲಿ. ಆದರೆ ಕಾಡಿನಂಚಿನ ಅಂತರಸಂತೆ, ಡಿ.ಬಿ. ಕುಪ್ಪೆಗಳ ಕತ್ತಲು ಇನ್ನೂ ಯಾವ ಫಲಕವೂ ಇಲ್ಲದೆ ತಾನಾಗಿಯೇ ಉಳಿದಿದೆ. ರಾತ್ರಿ ಸಂಚಾರ ನಿಲ್ಲಿಸಿ ಆನೆಗಳಿಗಾಗಿ ಕಾಯ್ದ ಕಾಡು ನಮಗೆ ನಕ್ಷತ್ರಗಳನ್ನೂ ಕಾಯ್ದುಕೊಟ್ಟಿದೆ. 2024ರ ಅಕ್ಟೋಬರಿನಲ್ಲಿ ಸಂಜೆಯ ಪಶ್ಚಿಮದಲ್ಲಿ ಬಂದ ತ್ಸುಚಿನ್ಷಾನ್–ಅಟ್ಲಾಸ್ ಧೂಮಕೇತುವನ್ನು ಸಾಲಿಗ್ರಾಮದ ಶಿಷ್ಯ ಮೋಡಗಳ ಸಂದಿನಲ್ಲಿ ಬರೀ ಮೊಬೈಲಿನಲ್ಲಿ ಹಿಡಿದು ಕಳಿಸಿದ. 1997ರ ನಮ್ಮ ಆ ನೆಗೆಟಿವ್‌ಗಿಂತ ಅದು ಸ್ಪಷ್ಟವಾಗಿದೆ. ಒಪ್ಪಿಕೊಳ್ಳಲು ತುಸು ಹೊಟ್ಟೆಕಿಚ್ಚು.

2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳ, ತಮಿಳುನಾಡುಗಳ ದಕ್ಷಿಣ ಭಾಗದಲ್ಲಿ ಹಾದುಹೋಗಲಿದೆ. ನಮ್ಮ ತಾಲ್ಲೂಕುಗಳಿಗೆ ಅದು ಪಾರ್ಶ್ವ ಗ್ರಹಣ. ಮುಂಗಾರಿಗೆ ಮೊದಲಿನ ದಿನ, ನಡುಹಗಲು, ಬೇಸಿಗೆ ರಜೆ. ಆ ಶಿಕ್ಷಕಿ ಈಗಲೇ ಬಸ್ಸಿನ ಮಾತೆತ್ತಿದ್ದಾಳೆ. ನನಗಾಗ ಎಂಬತ್ತೊಂದು, ಕಿಟಕಿಯ ಪಕ್ಕದ ಸೀಟು ಕಾದಿರಿಸಲು ಹೇಳಿದ್ದೇನೆ. ಬರುವವರು ಕನ್ನಡಕ ಮರೆಯಬೇಡಿ, ಇಡ್ಲಿಯ ಡಬ್ಬವನ್ನೂ.